ಮುಂದಿನ ಚಕ್ರಕ್ಕೆ ನಾನು ತುಂಬಿದ ಗಾಳಿ

ಟೈರಿನೊಳಗೆ ಸುರಿಯುವ ಬಿಳಿ ರಬ್ಬರ್ ಹಾಲಿನ ಹೊಸ ಡಬ್ಬಿ ತೆರೆದಾಗ ಮೂಗಿಗೆ ಘಾಟು ಹೊಡೆಯುತ್ತದೆ. ಅಂಗಡಿಯಲ್ಲಿ ಉಳಿದವರು ಮುಖ ಆಚೆ ತಿರುಗಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ನಾನು ಡಬ್ಬಿ ಕೆಳಗಿಟ್ಟು ಹಿಂಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಸ್ಯಾನ್ ಹೊಸೆಯ ಪೂರ್ವದ ಗುಡ್ಡಗಳಲ್ಲಿ, ಒಂದು ಮಣ್ಣು ರಸ್ತೆಯ ತಿರುವಿನಲ್ಲಿ ನನ್ನ ತಂಗಿ ಶಮಾ ಬಿದ್ದುಕೊಂಡಿದ್ದಳು. ಅವಳ ಮುಖದ ತುಂಬ ಇದೇ ಬಿಳಿ ಹಾಲು ಸಿಡಿದಿತ್ತು. ರಕ್ತ ಬೆರೆತು ಗುಲಾಬಿ ಬಣ್ಣವಾಗಿತ್ತು. ನನಗೆ ಮೊದಲು ಕಂಡಿದ್ದು ಆ ಬಣ್ಣ, ಆಮೇಲೆ ಅವಳ ಕೈ.

ಅದು ಹೇಗಾಯಿತೆಂದು ಎಲ್ಲರಿಗೂ ಒಂದು ಕತೆ ಹೇಳಿದ್ದೇನೆ. ಇದು ಆ ಕತೆಯಲ್ಲ.

ನಾನು ಕ್ಯಾಂಪ್‌ಬೆಲ್‌ನ ಒಂದು ಸೈಕಲ್ ಅಂಗಡಿಯಲ್ಲಿ ಚಕ್ರ ಕಟ್ಟುವ ಕೆಲಸದವಳು. ರಿಮ್ಮು, ನಡುವಿನ ಹಬ್ಬು, ಕಡ್ಡಿ ಬಿಡಿಬಿಡಿಯಾಗಿ ಬರುತ್ತವೆ. ನಾನು ಹೆಣೆದು, ಬಿಗಿದು, ಸೊಟ್ಟ ತೆಗೆದು ಕೊಡುತ್ತೇನೆ. ಗದಗಿನಲ್ಲಿ ನಮ್ಮಪ್ಪನದು ಸೈಕಲ್ ರಿಪೇರಿ ಅಂಗಡಿ. ನಾವು ನದಾಫರು, ಅಜ್ಜನ ಕಾಲಕ್ಕೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಮನೆತನ. ಏಳನೇ ಇಯತ್ತೆ ಆದ ಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ಅಂಗಡಿಯಲ್ಲಿ ಕೂರಿಸಿದ. ಊರಲ್ಲಿ ಸೈಕಲ್ ಅಂದರೆ ಎರಡು ಹಾಲಿನ ಕ್ಯಾನು, ಇಲ್ಲವೇ ಎರಡು ಚೀಲ ಜೋಳ, ಮೇಲೊಬ್ಬ ಮನುಷ್ಯ. ಟೈರು ಕಲ್ಲಾಗಬೇಕು. ಅಪ್ಪ ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದ. ಎಳ್ಳಷ್ಟು ತಗ್ಗಿದರೂ ಹಳೆ ಟ್ಯೂಬಿನ ಸೀಳು ನನ್ನ ಬೆನ್ನ ಮೇಲೆ ಬೀಳುತ್ತಿತ್ತು. ರಬ್ಬರಿನ ಏಟು ಮೊದಲು ತಣ್ಣಗಿರುತ್ತದೆ, ಆಮೇಲೆ ಉರಿಯುತ್ತದೆ.

ಶಮಾ ನನಗಿಂತ ಹನ್ನೊಂದು ವರ್ಷ ಸಣ್ಣವಳು. ಅವ್ವ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿದವಳು ನಾನು. ಬೆಳೆಸಿದೆ ಅಂದರೆ ತಲೆ ಬಾಚಿದೆ, ಉಣಿಸಿದೆ, ಹೊಡೆದೆ. ನನಗೆ ಬಿದ್ದಿದ್ದರಲ್ಲಿ ಒಂದು ಪಾಲು ಅವಳಿಗೂ ಕೊಟ್ಟೆ ಎಂದು ಈಗ ಅನ್ನಿಸುತ್ತದೆ. ಆಗ ಅದಕ್ಕೆ ಶಿಸ್ತು ಅನ್ನುತ್ತಿದ್ದೆ.

ನಾನು ಮದುವೆಯಾಗಿ ಇಲ್ಲಿಗೆ ಬಂದ ಎಷ್ಟೋ ವರ್ಷಕ್ಕೆ ಅವಳೂ ಮದುವೆಯಾಗಿ ಬಂದಳು, ಸ್ಯಾನ್ ರಮೋನ್‌ಗೆ. ದೊಡ್ಡ ಮನೆ, ಒಳ್ಳೆಯ ಕೆಲಸದ ಗಂಡ. ಅವನೂ ಹೊಡೆಯುತ್ತಿದ್ದ. ಅದು ನನಗೆ ಗೊತ್ತಾಗಿದ್ದು, ಒಂದು ಮಧ್ಯಾಹ್ನ ಅವಳು ಒಂದು ಸೂಟ್‌ಕೇಸು ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತಾಗ. ತಲಾಖ್ ಆಯಿತು. ಸ್ಯಾನ್ ಹೊಸೆಯ ಒಂದು ಡೇಕೇರ್‌ನಲ್ಲಿ ಕೆಲಸ ಸಿಕ್ಕಿತು. ಮಕ್ಕಳನ್ನು ಎತ್ತಿ ಎತ್ತಿ ಅವಳ ತೋಳು ಗಟ್ಟಿಯಾದವು. ಆ ಮೇಲೆ ಎಲ್ಲಿಂದಲೋ ಒಂದು ಹಳೇ ಫ್ಯಾಟ್ ಬೈಕ್ ತಂದಳು, ಟ್ರ್ಯಾಕ್ಟರಿಗೆ ಹುಟ್ಟಿದ ಸೈಕಲ್ಲಿನಂಥದ್ದು, ದಪ್ಪ ಟೈರಿನದು. ಅದರ ಎರಡೂ ಚಕ್ರ ಕೆಟ್ಟು ಹೋಗಿದ್ದವು.

“ಅಕ್ಕಾ, ಇದಕ್ಕ ಹೊಸಾ ಚಕ್ರ ಕಟ್ಟಿಕೊಡು. ಡೇರೆ, ಹಾಸಿಗಿ, ನೀರು, ಕೂಳು ಎಲ್ಲಾ ಇದರ ಮ್ಯಾಲೆ ಕಟ್ಕೊಂಡು ನಾಕ ದಿವಸ ಗುಡ್ಡದಾಗ ಹೋಗಾಕಿ ನಾ. ಒಬ್ಬಾಕೀನ.”

“ಒಬ್ಬಾಕಿನಾ? ಹುಚ್ಚ ಹಿಡದೈತೇನ ನಿನಗ?”

“ಹಿಡದೈತಿ. ಕಟ್ತೀ ಇಲ್ಲೋ?”

ಆ ಚಳಿಗಾಲ ಇಲ್ಲಿಯವರು ಯಾರೂ ಮರೆತಿಲ್ಲ. ಒಂದು ಬಿರುಗಾಳಿ ಹೋಯಿತು ಅನ್ನುವಷ್ಟರಲ್ಲಿ ಸಮುದ್ರದ ಕಡೆಯಿಂದ ಇನ್ನೊಂದು ಬಂದು ಬಡಿಯುತ್ತಿತ್ತು. ನಮ್ಮ ಬೀದಿಯ ನೀಲಗಿರಿ ಮರ ಬುಡಸಮೇತ ಎದ್ದು ಎರಡು ಕಾರುಗಳನ್ನು ಚಪ್ಪಟೆ ಮಾಡಿತು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಹಳ್ಳ ಬೇಲಿ, ಹಲಗೆ, ಸತ್ತ ಜಿಂಕೆ ಎಲ್ಲ ಎಳೆದುಕೊಂಡು ಫ್ರೀವೇ ಕೆಳಗೆ ಗುಡುಗುತ್ತ ಹರಿಯಿತು. ಅಂಗಡಿಯ ತಗಡಿನ ಬಾಗಿಲನ್ನು ಗಾಳಿ ದಿನವಿಡೀ ಒದೆಯುತ್ತಿತ್ತು. ಆ ಸದ್ದಿನಲ್ಲೇ ನಾವಿಬ್ಬರೂ, ನನ್ನ ಕೆಲಸ ಮುಗಿದ ಮೇಲೆ, ಹಿಂದಿನ ಕೋಣೆಯಲ್ಲಿ ಚಕ್ರದ ಮೇಲೆ ಜಗಳಾಡಿದೆವು.

ಜಗಳ ಅಗಲದ್ದು. ಫ್ಯಾಟ್ ಬೈಕಿನ ರಿಮ್ಮು ಅರವತ್ತೈದು ಮಿಲಿಮೀಟರಿಂದ ನೂರರವರೆಗೆ ಬರುತ್ತದೆ. ಟೈರು ನಾಲ್ಕು ಇಂಚಿನ ಆಸುಪಾಸಿನಿಂದ ಹೆಚ್ಚುಕಮ್ಮಿ ಐದರವರೆಗೆ. ಅಂಗಡಿಯ ಮಾಲೀಕ ರೂಬೆನ್ ಬಳಿ ನೂರರ ರಿಮ್ಮು ಒಂದು ಜೊತೆ ಸುಮ್ಮನೆ ಬಿದ್ದಿತ್ತು. ಅದನ್ನೇ ಹಾಕೋಣ, ಅಗಲವಾದಷ್ಟೂ ಬೀಳುವುದಿಲ್ಲ ಅಂದೆ ನಾನು.

“ನೂರು ಹಿಮಕ್ಕ, ಅಕ್ಕಾ. ಇಲ್ಲೇನ ಹಿಮಾ ಬೀಳ್ತೈತೇನು? ಅಷ್ಟ ಅಗಲ ರಿಮ್ಮಿಗೆ ಟೈರು ಚಪಾತಿ ಆಗ್ತೈತಿ. ತಿರುವಿನ್ಯಾಗ ಅದರ ಅಂಚು ನೆಲಾ ಹಿಡದು ಬೀಳಸ್ತೈತಿ.”

“ಮೊಬೈಲ್ ನೋಡಿ ಚಕ್ರ ಕಟ್ಟಾಕ ಬರೂದಿಲ್ಲ.”

“ಮೊಬೈಲ್ ನೋಡಲಾರದ ನೀ ಕಟ್ಟಿದ್ದೂ ಗೊತ್ತೈತಿ. ಊರಾಗ ಬಸೀರಣ್ಣಗ ನೀ ಕಟ್ಟಿಕೊಟ್ಟ ಚಕ್ರ ಸಂತಿ ಮುಟ್ಟೂದ್ರಾಗ ಮುರೀತು.”

ಕೈಯಲ್ಲಿದ್ದ ಹಬ್ಬನ್ನು ಗೋಡೆಗೆ ಎಸೆದೆ. ಅವಳ ಕಿವಿಯ ಪಕ್ಕದಲ್ಲೇ ಹೋಗಿ ಸುಣ್ಣ ಕಿತ್ತು ಬಿತ್ತು. ಅವಳು ಅಲುಗಲಿಲ್ಲ. ಅದನ್ನೆತ್ತಿಕೊಂಡು ಬಂದು ನನ್ನ ಮುಂದಿಟ್ಟು, “ಒಡದಿಲ್ಲ. ಕಟ್ಟು,” ಅಂದಳು.

ಟೈರಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದು ಸರಿ ಇತ್ತು. ಅವಳಿಗೆ ಐದು ಇಂಚಿನ ಹತ್ತಿರದ್ದು ಬೇಕಿತ್ತು, ಮರಳಿಗೆ ಒಳ್ಳೆಯದಂತೆ. ನಾನು ಅವಳ ಸೈಕಲ್ಲಿನ ಹಿಂದಿನ ಚಕ್ರ ಹಿಡಿಯುವ ಫ್ರೇಮಿನ ಎರಡು ಕಾಲುಗಳ ನಡುವೆ ನನ್ನ ಮೂರು ಬೆರಳು ತೂರಿಸಿ ತೋರಿಸಿದೆ. ಆ ಗುಡ್ಡದ ಮಣ್ಣು ನಮ್ಮೂರ ಎರೆಮಣ್ಣಿನ ಅಣ್ಣತಮ್ಮ. ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಫ್ರೇಮಿನೊಳಗೆ ಗಾರೆ ಹಾಕಿದಂತೆ ನಿಂತುಬಿಡುತ್ತದೆ. ಅದು ಉದುರಿ ಹೋಗಲು ಜಾಗ ಬೇಕು. ನಾಲ್ಕಿಂಚೇ ಸಾಕು. ಅವಳು ಬೆರಳು ನೋಡಿದಳು, ನಕ್ಕಳು. “ಇದಕ್ಕ ನೀ ಬೇಕ ನೋಡು,” ಅಂದಳು. ಎಂಬತ್ತರ ರಿಮ್ಮು, ನಾಲ್ಕಿಂಚಿನ ಟೈರು ಎಂದಾಯಿತು. ಇಡೀ ಚಳಿಗಾಲದಲ್ಲಿ ನಾವಿಬ್ಬರೂ ಒಪ್ಪಿದ್ದು ಅದೊಂದೇ.

ಭಾರ ಕಡಿಮೆ ಮಾಡಲೆಂದು ಆ ರಿಮ್ಮಿನ ನಡುವೆ ಸಾಲಾಗಿ ದೊಡ್ಡ ತೂತು ಕೊರೆದಿರುತ್ತಾರೆ. ಒಳಗಿಂದ ಒಂದು ಪಟ್ಟಿ ಸುತ್ತಿ ಅವನ್ನು ಮುಚ್ಚಬೇಕು. ಶಮಾ ಕೆಂಪು ಪಟ್ಟಿ ಆರಿಸಿಕೊಂಡಳು. ಟ್ಯೂಬ್ ಇಲ್ಲ, ಟೈರಿನ ಅಂಚೇ ರಿಮ್ಮನ್ನು ಕಚ್ಚಿ ಹಿಡಿಯಬೇಕು, ರಬ್ಬರ್ ಹಾಲು ಸಂದು ಮುಚ್ಚಬೇಕು. ಅಷ್ಟು ಅಗಲದ ಟೈರಿಗೆ ಗಾಳಿ ತೀರ ಕಡಿಮೆ ಸಾಕು. ಮುಂದಕ್ಕೆ ಎಂಟು ಪೌಂಡು, ಸಾಮಾನು ಹೊರುವ ಹಿಂದಕ್ಕೆ ಹತ್ತು ಎಂದು ಬಿಳಿ ಟೇಪಿನ ಮೇಲೆ ಬರೆದು ಹ್ಯಾಂಡಲಿಗೆ ಅಂಟಿಸಿದಳು. ರಿಮ್ಮಿನ ಮೇಲೆ ಕಂಪನಿಯವರೇ ಒಂದು ಚೀಟಿ ಅಂಟಿಸಿದ್ದರು. ಇಪ್ಪತ್ತು ದಾಟಬಾರದು. ನನಗೆ ಇಂಗ್ಲಿಷ್ ಓದುವುದು ಕಷ್ಟ. ಅಂಕಿ ಓದುವುದು ಕಷ್ಟವಲ್ಲ.

ಎರಡು ಬಿರುಗಾಳಿಗಳ ನಡುವೆ ನಾಲ್ಕು ದಿನ ಬಿಸಿಲಿದೆ ಅಂದರು. ಶನಿವಾರ ಬೆಳಿಗ್ಗೆ ನಾನೇ ಅವಳನ್ನು, ಸೈಕಲ್ಲನ್ನು ಕಾರಿನಲ್ಲಿ ಗುಡ್ಡದ ಮೇಲಕ್ಕೆ ಕರೆದೊಯ್ದೆ. ದಾರಿಯಲ್ಲೆಲ್ಲ ಮುರಿದ ಕೊಂಬೆಗಳು. ಮೇಲೆ ಪಾರ್ಕಿಂಗಿನಲ್ಲಿ ನಮ್ಮದೊಂದೇ ಕಾರು. ಗಾಳಿ ಕಾರಿನ ಬಾಗಿಲನ್ನು ಕೈಯಿಂದ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಪಾರ್ಕಿಂಗಿನ ಅಂಚಿನಿಂದಲೇ ಮಣ್ಣು ರಸ್ತೆ ಕೆಳಕ್ಕೆ ಧುಮುಕುತ್ತದೆ. ಮಳೆನೀರು ಅದರ ಮೈಯನ್ನು ಉದ್ದುದ್ದ ಸೀಳಿತ್ತು.

ಸೈಕಲ್ ಇಳಿಸಿದೆ. ಅವಳು ಚೀಲಗಳನ್ನು ಕಟ್ಟಿದಳು. ನನ್ನ ಹೆಬ್ಬೆರಳು ತಾನಾಗಿ ಮುಂದಿನ ಟೈರಿಗೆ ಹೋಯಿತು. ಹಿಟ್ಟಿನೊಳಗೆ ಇಳಿದಂತೆ ಇಳಿಯಿತು.

“ಇದರ ಮ್ಯಾಲೆ ಹೊಂಟೀಯಾ? ಪಂಚರ್ ಆದ ಎಮ್ಮಿ ಹಂಗೈತಿ.”

“ಹಂಗ ಇರಬೇಕು ಅದು. ಮುಟ್ಟಬ್ಯಾಡ.”

“ಹೋಗಬ್ಯಾಡ ಶಮಾ. ರಸ್ತೆ ನೋಡು ಹೆಂಗೈತಿ. ವಾಪಸ್ ಹೋಗೂಣು ನಡಿ.”

“ಇಲ್ಲ.”

“ಅಕ್ಕ ಹೇಳಾಕತ್ತೀನಿ.”

“ಅಕ್ಕ ಹೇಳಿದ್ದ ಕೇಳೇ ನಾ ಸ್ಯಾನ್ ರಮೋನ್‌ಗೆ ಹ್ವಾದ್ನಿ. ಒಳ್ಳೆ ಹುಡುಗ, ಮಾಡ್ಕೋ ಅಂದಾಕಿ ನೀನ.”

ಹೊಡೆದೆ. ಅಂಗೈ ಪೂರ್ತಿ ಕೂತಿತು. ಹೆಲ್ಮೆಟ್ಟಿನ ಪಟ್ಟಿ ನನ್ನ ಬೆರಳಿಗೆ ತಾಗಿ ಉಗುರು ಸೀಳಿತು. ಅವಳ ಕೆನ್ನೆಯ ಮೇಲೆ ನನ್ನ ರಕ್ತ. ಮೂವತ್ತೈದು ವರ್ಷದ ಹೆಂಗಸು, ಗುಡ್ಡದ ತುದಿಯಲ್ಲಿ, ಅಕ್ಕನ ಕೈಯಲ್ಲಿ ಹೊಡೆಸಿಕೊಂಡು ನಿಂತಳು. ಅಳಲಿಲ್ಲ. ನಿಧಾನವಾಗಿ ಹೇಳಿದಳು:

“ಅಪ್ಪ ಹೊಡದ. ಅಂವ ಹೊಡದ. ನೀ ಮಾತ್ರ ಮೊದಲಿಂದ ಇವತ್ತಿನತನಾ ಬಿಡಲಾರದ ಹೊಡದಿ. ನಿಮ್ಮೆಲ್ಲಾರ ಕೈ ಮುಟ್ಟಲಾರದಷ್ಟು ದೂರ ಹೋಗಾಕ ನಾ ಈ ಸೈಕಲ್ ಹತ್ತೀನಿ. ತಿಳೀತೇನು?”

ಹೇಳಿ, ಪಾರ್ಕಿಂಗಿನ ಆ ತುದಿಯ ಬಾತ್‌ರೂಮಿಗೆ ಹೋದಳು.

ಕಾರಿನ ಡಿಕ್ಕಿಯಲ್ಲಿ ಅಂಗಡಿಯ, ನೆಲದ ಮೇಲಿಟ್ಟು ಒತ್ತುವ ಪಂಪು ಇತ್ತು. ತೆಗೆದೆ. ಮುಂದಿನ ಚಕ್ರಕ್ಕೆ ಸಿಕ್ಕಿಸಿದೆ. ತುಂಬತೊಡಗಿದೆ. ಪ್ರತಿ ಸಲ ಹಿಡಿಕೆ ಒತ್ತುವಾಗಲೂ ಅವಳ ಬೆನ್ನಿಗೆ ಗುದ್ದಿದ ಹಾಗೆ ಒತ್ತಿದೆ. ತೆಳು ಟೈರಾದರೆ ಹತ್ತು ಸಲ ಒತ್ತಿದರೆ ಮುಗಿಯುತ್ತದೆ. ಅಷ್ಟು ದಪ್ಪ ಟೈರಿಗೆ ಹೊತ್ತು ಹಿಡಿಯುತ್ತದೆ. ಸಿಟ್ಟು ಇಳಿಯುವಷ್ಟು ಹೊತ್ತು ಇತ್ತು. ಪಂಪಿನ ಮುಳ್ಳು ಇಪ್ಪತ್ತು ದಾಟಿದ್ದನ್ನು ನೋಡಿದೆ. ಚೀಟಿ ಕಣ್ಣೆದುರಿಗೇ ಇತ್ತು, ನೋಡಿದೆ. ಮೂವತ್ತಾಯಿತು. ರಿಮ್ಮಿನ ತೂತುಗಳಿಂದ ಕೆಂಪು ಪಟ್ಟಿ ಗುಳ್ಳೆ ಗುಳ್ಳೆಯಾಗಿ ಉಬ್ಬಿ ಹೊರಬಂತು. ಅದನ್ನೂ ನೋಡಿದೆ. ಇನ್ನೂ ನಾಲ್ಕು ಸಲ ಒತ್ತಿದೆ. ಹೆಬ್ಬೆರಳು ಇಟ್ಟೆ. ಕಲ್ಲು.

ಅವಳು ಬಂದವಳು ನನ್ನತ್ತ ನೋಡಲಿಲ್ಲ, ಟೈರನ್ನೂ ನೋಡಲಿಲ್ಲ. ಹತ್ತಿದಳು, ಹೋದಳು. ಸೈಕಲ್ಲು ಮೊದಲ ಸೀಳಿನಲ್ಲೇ ಚೆಂಡಿನಂತೆ ಪುಟಿದದ್ದು ಕಂಡಿತು. ಕೂಗಬಹುದಿತ್ತು. ಬಾಯಿ ತೆರೆದೆ ಕೂಡ.

ಕೆಳಗಿನ ತಿರುವಿನಿಂದ ಬಂದೂಕು ಹಾರಿದಂತೆ ಒಂದೇ ಸದ್ದು ಬಂತು. ಗುಡ್ಡದಿಂದ ಗುಡ್ಡಕ್ಕೆ ಬಡಿದು ಮತ್ತೆ ಬಂತು.

ಓಡಿದೆ, ಬಿದ್ದೆ, ಜಾರಿಕೊಂಡೇ ಹೋದೆ. ಟೈರು ರಿಮ್ಮು ಬಿಟ್ಟು ಕಳಚಿ ಮುಂದಿನ ಫೋರ್ಕಿಗೆ ಸುತ್ತಿಕೊಂಡಿತ್ತು. ಚಕ್ರ ಅಲ್ಲೇ ನಿಂತಿತ್ತು. ಅವಳು ಮತ್ತು ಸೈಕಲ್ಲಿನ ಉಳಿದ ಭಾರವೆಲ್ಲ ಅದರ ಮೇಲಿಂದ ಹಾರಿ ಒಂದು ಬಂಡೆಗೆ ಅಪ್ಪಳಿಸಿದ್ದವು. ಹೆಲ್ಮೆಟ್ಟು ಇಬ್ಭಾಗ. ಎಡ ಮೊಣಕೈ ಹಿಂದುಮುಂದಾಗಿ ತಿರುಗಿ ಎಲುಬು ಬಟ್ಟೆ ಹರಿದು ಹೊರಗೆ ಕಾಣುತ್ತಿತ್ತು. ಮುಖದ ತುಂಬ ಆ ಹಾಲು. ಅವಳು ಕಣ್ಣು ಬಿಟ್ಟಿದ್ದಳು, ನನ್ನನ್ನು ನೋಡುತ್ತಿರಲಿಲ್ಲ. ಫೋನ್ ಮಾಡಿ ಸಹಾಯ ಕರೆದು, ಹೆಲಿಕಾಪ್ಟರ್ ಬರುವವರೆಗೆ ಅವಳ ಬಾಯಿಯಿಂದ ಬೆರಳು ಹಾಕಿ ಮಣ್ಣು ತೆಗೆಯುತ್ತ ಕೂತಿದ್ದೆ.

ಮೂರನೇ ದಿನ ರೂಬೆನ್ ಸೈಕಲ್ಲಿನ ಅವಶೇಷ ತರಿಸಿ ನೋಡಿದ. ಚಕ್ರ ಕಟ್ಟಿದವಳು ನಾನು. ನನ್ನ ಕೆಲಸದಲ್ಲಿ ತಪ್ಪಿದ್ದರೆ ಅಂಗಡಿಗೂ ಕಷ್ಟ. ಅವನು ಹರಿದ ಪಟ್ಟಿಯನ್ನು, ಬಿರಿದ ರಿಮ್ಮಿನ ಅಂಚನ್ನು ಬೆರಳಲ್ಲಿ ಸವರಿ, “ಗಾಳಿ ಹೆಚ್ಚಾಗಿದೆ. ಯಾರು ತುಂಬಿದ್ದು?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಅವಳೇ,” ಅಂದೆ.

ಅವನು ತಲೆ ಅಲ್ಲಾಡಿಸಿದ. ಹೊಸಬರು ಹೀಗೇ ಮಾಡುತ್ತಾರೆ ಅಂದ. ಮನೆಯಲ್ಲಿ ನನ್ನ ಗಂಡನಿಗೂ ಅದನ್ನೇ ಹೇಳಿದೆ. ಎರಡನೇ ಸಲ ಸುಲಭವಾಗಿತ್ತು.

ಶಮಾಳ ತಲೆಗೆ ಬಿದ್ದ ಪೆಟ್ಟಿನಿಂದ ಆ ಬೆಳಗು ಪೂರ್ತಿ ಅಳಿಸಿಹೋಗಿತ್ತು. ಕಾರಿನಲ್ಲಿ ಕೂತದ್ದು ಅವಳಿಗೆ ನೆನಪಿತ್ತು, ಆಮೇಲೆ ಆಸ್ಪತ್ರೆಯ ಸೂರು. ಕೈಗೆ ಎರಡು ಆಪರೇಷನ್ ಆದ ಮೇಲೆ, ಒಂದು ಸಂಜೆ ನನ್ನನ್ನು ಹತ್ತಿರ ಕರೆದಳು. ದವಡೆ ಮುರಿದು ಹಲ್ಲಿಗೆ ತಂತಿ ಬಿಗಿದಿದ್ದರಿಂದ ಮಾತು ಸಂದಿಯಿಂದ ಬರುತ್ತಿತ್ತು.

“ಅಕ್ಕಾ. ಗಾಳಿ ನಾನ ಹಾಕಿದ್ನೇನು?”

“ಹೂಂ.”

“ಅಷ್ಟ? ನಂಗ ಗೊತ್ತಿತ್ತಲ್ಲ, ಎಂಟು ಅಂತ. ನಾನ ಬರದಿದ್ನೆಲ್ಲ.”

“ಗಡಿಬಿಡ್ಯಾಗ ಆಗಿರಬೇಕು.”

ಅವಳು ಕಣ್ಣು ಮುಚ್ಚಿಕೊಂಡಳು. “ನೀ ಅಷ್ಟ ಕಷ್ಟ ಬಿದ್ದ ಕಟ್ಟಿದ ಚಕ್ರ. ಹಾಳ ಮಾಡಿಬಿಟ್ನಿ, ಅಕ್ಕಾ,” ಅಂದಳು.

ಅವಳ ಎಡಗೈ ಈಗಲೂ ಪೂರ್ತಿ ಚಾಚುವುದಿಲ್ಲ. ಡೇಕೇರ್‌ನಲ್ಲಿ ಮಕ್ಕಳು ಎತ್ತಿಕೋ ಎಂದು ಬಂದರೆ ಕುರ್ಚಿಯ ಹಿಂದೆ ಸರಿಯುತ್ತಾಳೆ. ಆದರೆ ಕೈಗಿಂತ ಹೆಚ್ಚು ಹಾಳಾದದ್ದು ಬೇರೆ. ಗಂಡನ ಮನೆಯಿಂದ ಸೂಟ್‌ಕೇಸು ಹಿಡಿದು ತಾನಾಗಿ ಹೊರಬಂದವಳು, ನೂರರ ರಿಮ್ಮು ಬೇಡವೆಂದು ನನ್ನೆದುರು ನಿಂತವಳು, ಆಮೇಲೆ ಗ್ರಾಸರಿಯಲ್ಲಿ ಅಕ್ಕಿ ಯಾವುದು ಕೊಳ್ಳಬೇಕೆಂದು ನನ್ನ ಮುಖ ನೋಡುತ್ತಿದ್ದಳು. “ನಾ ಮಾಡಿದ್ದೆಲ್ಲಾ ಹಿಂಗ ಆಗ್ತೈತಿ, ನೀನ ಹೇಳು” ಅನ್ನುತ್ತಿದ್ದಳು. ಎರಡು ವರ್ಷ ನಾನು ಹೇಳಿದೆ. ಅವಳು ಕೇಳಿದಳು. ನನ್ನೊಳಗೆ ಎಲ್ಲೋ ಒಂದು ಕಡೆ ಅದು ಹಿತವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಕಳೆದ ತಿಂಗಳು, ಅಂಗಡಿಗೆ ರಜೆಯಿದ್ದ ಒಂದು ಸೋಮವಾರ ಮಧ್ಯಾಹ್ನ, ಅವಳು ಹಿಂದಿನ ಕೋಣೆಗೆ ಬಂದಳು. ಮತ್ತೆ ಸೈಕಲ್ ಹತ್ತಿ ನೋಡುತ್ತೇನೆ, ಅದೇ ಎಂಬತ್ತು, ಅದೇ ನಾಲ್ಕಿಂಚು ಎಂದು ಮೊದಲೇ ಹೇಳಿದ್ದಳು. ಮುಂದಿನ ಚಕ್ರ ಕಟ್ಟಿ ಮುಗಿಸಿ ಸ್ಟ್ಯಾಂಡಿಗೆ ಏರಿಸಿದ್ದೆ. ಅವಳು ಅದನ್ನು ಬೆರಳಿಂದ ತಿರುಗಿಸಿದಳು. ಅಲುಗದೆ ತಿರುಗಿತು.

“ಚಂದ ಆಗೈತಿ. ಗಾಳಿ ಮಾತ್ರ ನೀನ ಹಾಕಬೇಕ ಅಕ್ಕಾ. ನಾ ಮುಟ್ಟೂದಿಲ್ಲ. ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ.”

“ಶಮಾ, ಅವತ್ತ ಗಾಳಿ ನೀ ಹಾಕಿರಲಿಲ್ಲ. ನಾ ಹಾಕಿದ್ನಿ.”

ಚಕ್ರ ತಿರುಗುತ್ತಲೇ ಇತ್ತು. ಅವಳು ಅಂಗೈಯಿಟ್ಟು ಅದನ್ನು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಬೆರಳಿಗೆ ಮೆತ್ತಗ ಹತ್ತಿತೇನು? ಅಪ್ಪನ ಅಂಗಡಿ ರೂಢಿ. ಕೈ ತನ್ನಷ್ಟಕ ಹೋತೇನು?”

ಅವಳೇ ನನಗೆ ಬಾಗಿಲು ತೆರೆದುಕೊಟ್ಟಳು. ಇನ್ನೊಂದು ಹೂಂ ಅಂದಿದ್ದರೆ ಮುಗಿದು ಹೋಗುತ್ತಿತ್ತು. ಇಬ್ಬರೂ ಅತ್ತು, ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು.

“ಇಲ್ಲ. ಇಪ್ಪತ್ತು ಅಂತ ಬರದದ್ದು ನೋಡಿದ್ನಿ. ಪಟ್ಟಿ ಉಬ್ಬಿದ್ದೂ ನೋಡಿದ್ನಿ. ನಿನ್ನ ಕಪಾಳಕ್ಕ ಹೊಡದಿದ್ನಿ, ನೀ ಒಂದ ಮಾತ ಅಂದಿ, ಆ ಸಿಟ್ಟಿಗೆ ಹಾಕಿದ್ನಿ.”

“ಹೊಡದಿದ್ದಿ?”

“ಹೂಂ.”

“ನಾ ಏನ ಅಂದ್ನಿ?”

ಅಪ್ಪ ಹೊಡದ, ಅಂವ ಹೊಡದ ಎಂಬಲ್ಲಿಂದ ಹಿಡಿದು ಕೊನೆಯವರೆಗೆ, ಒಂದಕ್ಷರ ಬಿಡದೆ ಒಪ್ಪಿಸಿದೆ. ಎರಡು ವರ್ಷ ದಿನವೂ ಕೇಳಿಸಿಕೊಂಡ ಮಾತು. ತನ್ನ ಮಾತನ್ನು ತಾನೇ ಮೊದಲ ಸಲ ಕೇಳುತ್ತ ಶಮಾ ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಹಂಗಂದಿದ್ನೇನು ನಾ?”

“ಅಂದಿದ್ದಿ.”

ಅವಳು ಗೋಡೆಯ ಮೊಳೆಗೆ ನೇತುಹಾಕಿದ್ದ ತಂತಿ ಕತ್ತರಿಸುವ ಇಕ್ಕಳ ತೆಗೆದುಕೊಂಡಳು. ಏನು ಮಾಡುತ್ತಾಳೆಂದು ತಿಳಿದು ನಾನು ಕಣ್ಣಿನ ರಕ್ಷಣೆಯ ಕನ್ನಡಕ ಚಾಚಿದೆ. ಬಿಗಿದ ಕಡ್ಡಿ ತುಂಡಾದರೆ ಬಾಣದಂತೆ ಸಿಡಿಯುತ್ತದೆ. ಅವಳು ಹಾಕಿಕೊಂಡಳು. ನಾನು ಹಾಕಿಕೊಳ್ಳಲಿಲ್ಲ, ಸರಿಯಲೂ ಇಲ್ಲ. ಬಲಗೈಯೊಂದರಿಂದಲೇ ಮೊದಲ ಕಡ್ಡಿ ಕತ್ತರಿಸಿದಳು. ಟಣ್ ಎಂದು ಸಿಡಿದು ತುಂಡು ನನ್ನ ತೋಳು ಗೀರಿ ಹೋಯಿತು. ಎರಡನೆಯದು. ಮೂರನೆಯದು. ಹತ್ತಾಗುವಷ್ಟರಲ್ಲಿ ರಿಮ್ಮು ಸೊಟ್ಟಗಾಗಿ ಸ್ಟ್ಯಾಂಡಿಗೆ ತಿಕ್ಕುತ್ತಿತ್ತು. ಉಸಿರು ಹಿಡಿದು, ಹಲ್ಲು ಕಚ್ಚಿ, ಒಂದೊಂದಕ್ಕೂ ಇಡೀ ಮೈ ಹಾಕಿ ಕತ್ತರಿಸಿದಳು. ಮೂವತ್ತೆರಡು ಕಡ್ಡಿಯೂ ಮುಗಿದಾಗ ರಿಮ್ಮು ಮೇಜಿನ ಮೇಲೆ ಬಿದ್ದು ಉರುಳಿತು. ಅವಳ ಮುಖ ಬೆವೆತಿತ್ತು.

ಇಕ್ಕಳವನ್ನು ಮೊಳೆಗೆ ಸಿಕ್ಕಿಸಿದಳು. ಸ್ಟೂಲು ಎಳೆದುಕೊಂಡು ನನ್ನೆದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

“ಈಗ ಕಟ್ಟು,” ಅಂದಳು. “ನಾ ನೋಡ್ತೀನಿ.”